ರವೆ, ರಾಗಿ ಮತ್ತು ಒಂದು ಸಾವಿರ ಮೊಟ್ಟೆ: ಬಿಎಸ್ಸಿ ಪ್ರಾಜೆಕ್ಟಿನ ಐದು ತಿಂಗಳು

ಮೊನ್ನೆ ಶುಕ್ರವಾರ ನಮ್ಮ ಪ್ರಾಜೆಕ್ಟ್ ವೈವಾ ಮುಗಿಯಿತು. ಫೆಬ್ರವರಿಯಲ್ಲಿ ಶುರುವಾದ ಕೆಲಸ ಜೂನ್ ಕೊನೆಗೆ ಬಂದು ನಿಂತಿತು. ನಾನು ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಬಿಎಸ್ಸಿ ಓದಿದವಳು. ಪ್ರಾಣಿಶಾಸ್ತ್ರ ನನ್ನ ಇಷ್ಟದ ವಿಷಯ. ಕೊನೆಯ ಸೆಮಿಸ್ಟರಿನಲ್ಲಿ ಇಬ್ಬಿಬ್ಬರು ಸೇರಿ ಪ್ರಾಜೆಕ್ಟ್ ಮಾಡಬೇಕಿತ್ತು. ಪುಸ್ತಕ ಓದಿ ವರದಿ ಬರೆಯುವ ದಾರಿಯೂ ಇತ್ತು. ನಾನು, ನನ್ನ ಜೊತೆಗಾರ್ತಿ ಇಬ್ಬರೂ ಪ್ರಯೋಗವನ್ನೇ ಮಾಡ್ತೀವಿ ಅಂತ ಹಟ ಹಿಡಿದೆವು. ಆಗ ನಮಗೆ ಹೇಳಿಕೊಡುವ ಸೀನಿಯರ್‌ಗಳು ಯಾರೂ ಇರಲಿಲ್ಲ. ಹಿಂದಿನ ಬ್ಯಾಚಿನಲ್ಲಿ ಯಾರೂ ಇಂಥದ್ದು ಮಾಡಿರಲಿಲ್ಲ. ಮುಂದೆ ಮಾಡುವವರಿಗೆ ಆ ಕಷ್ಟ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವ ಪ್ರಾಣಿ ಅನ್ನುವ ಪ್ರಶ್ನೆ. ಪ್ರಾಣಿಶಾಸ್ತ್ರ ಅಂದರೆ ಕಪ್ಪೆ ಕೊಯ್ಯುವುದು ಅಂತ ನಮ್ಮೂರಲ್ಲಿ ಈಗಲೂ ಅಂದುಕೊಂಡಿದ್ದಾರೆ. ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಿ ಅಂತ ಯುಜಿಸಿ (ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ) 2014ರಲ್ಲೇ ಹೇಳಿದೆ. ಹಾಗಾಗಿ ನಾವು ಮೂರು ವರ್ಷ ಚಾರ್ಟ್ ಮತ್ತು ಕಂಪ್ಯೂಟರ್ ಪರದೆಯ ಮೇಲೇ ಜಾಸ್ತಿ ನೋಡಿದ್ದೆವು. ಜೀವ ಇರುವ ಒಂದನ್ನು ಕೈಯಾರೆ ಸಾಕಿ ನೋಡಬೇಕು ಅನ್ನುವ ಆಸೆ ಹಾಗೇ ಉಳಿದಿತ್ತು. ಪ್ರಾಜೆಕ್ಟಿಗೆ ನಮ್ಮ ಗೈಡ್ ಆಗಿದ್ದ ಮೇಡಂ ಹೇಳಿದರು, "ಡ್ರೊಸೊಫಿಲಾ ತಗೊಳ್ರಮ್ಮ. ಜಾಗ ಬೇಡ, ದುಡ್ಡು ಬೇಡ, ಹತ್ತು ಹನ್ನೆರಡು ದಿನಕ್ಕೆ ಒಂದು ತಲೆಮಾರು ಮುಗಿಯುತ್ತೆ." ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ ಸಣ್ಣ ನೊಣ ಅದು. ಅಮೆರಿಕದ ತಳಿವಿಜ್ಞಾನಿ ಮಾರ್ಗನ್ 1910ರಲ್ಲಿ ಈ ಜಾತಿಯಲ್ಲೇ ಬಿಳಿ ಕಣ್ಣಿನ ಗಂಡು ನೊಣ ಕಂಡದ್ದು, 1933ರಲ್ಲಿ ನೊಬೆಲ್ ಬಂದದ್ದು ಎಲ್ಲ ನಾವು ಪರೀಕ್ಷೆಗೆ ಓದಿದ್ದೆವು. ನೊಣವನ್ನು ಮಾತ್ರ ಹತ್ತಿರದಿಂದ ನೋಡಿರಲಿಲ್ಲ.

ನಮ್ಮ ಪುಣ್ಯ, ಡ್ರೊಸೊಫಿಲಾ ಕೆಲಸಕ್ಕೆ ಮೈಸೂರು ಹೆಸರಾದ ಊರು. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಬೇರೆ ಬೇರೆ ತಳಿಯ ನೊಣಗಳನ್ನು ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿಯ ಪ್ರಯೋಗಗಳಲ್ಲಿ ನೊಣಕ್ಕೆ ಹಾಕುವ ಊಟ ರವೆ ಮತ್ತು ಬೆಲ್ಲದ್ದು. ಇದನ್ನು ಓದಿದಾಗಲೇ ನನಗೆ ಪ್ರಶ್ನೆ ಹೊಳೆದದ್ದು. ರವೆ ಬದಲು ರಾಗಿ ಹಾಕಿದರೆ? ನಮ್ಮ ಕಡೆ ರಾಗಿ ತಿಂದವನಿಗೆ ಶಕ್ತಿ ಅಂತಾರಲ್ಲ, ನೊಣಕ್ಕೆ ಏನಾಗುತ್ತೆ? ಮೇಡಂ ಹತ್ತಿರ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ "ಗೊತ್ತಿಲ್ಲಮ್ಮ, ಮಾಡಿ ನೋಡೋಣ" ಅಂದರು. ಮೂರು ವರ್ಷದಲ್ಲಿ ಒಬ್ಬ ಮೇಷ್ಟ್ರು ಗೊತ್ತಿಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಸಂಜೆ ಬಸ್ಸಿನಲ್ಲಿ ಊರಿಗೆ ಬರುವ ತನಕ ಅದೇ ಮಾತು ತಲೆಯಲ್ಲಿ ಓಡುತ್ತಿತ್ತು.

ನಾವು ಶುರುವಿಗೆ ಮೂರು ಪ್ರಶ್ನೆ ಇಟ್ಟುಕೊಂಡಿದ್ದೆವು. ಮೊಟ್ಟೆಯಿಂದ ನೊಣ ಆಗಲು ಎಷ್ಟು ದಿನ, ಎಷ್ಟು ಬದುಕುತ್ತವೆ, ಆಮೇಲೆ ಆ ಹೆಣ್ಣುಗಳು ಎಷ್ಟು ಮೊಟ್ಟೆ ಇಡುತ್ತವೆ. ಮೂರನೆಯದನ್ನು ಒಂದು ವಾರದಲ್ಲೇ ಕೈಬಿಟ್ಟೆವು. ಅದಕ್ಕೆ ಗಂಡಿನ ಜೊತೆ ಸೇರದ ಹೆಣ್ಣು ಬೇಕು. ಗೂಡಿನಿಂದ ಹೊರಬಂದ ಎಂಟು ಗಂಟೆಯೊಳಗೆ ಅವನ್ನು ಬೇರೆ ಮಾಡಬೇಕು. ನೊಣಗಳು ಜಾಸ್ತಿ ಹೊರಬರುವುದು ಬೆಳಗಿನ ಹೊತ್ತು. ನಮ್ಮ ಲ್ಯಾಬ್ ತೆರೆಯುವುದು ಒಂಬತ್ತೂವರೆಗೆ. ಊರಿನಿಂದ ಮೊದಲ ಬಸ್ಸು ಹಿಡಿದರೂ ಹೊತ್ತಾಗುತ್ತಿತ್ತು. ಹಾಸ್ಟೆಲ್‌ನಲ್ಲಿ ಇರುವವರಿಗೆ, ಲ್ಯಾಬಿನ ಕೀ ಸಿಗುವವರಿಗೆ ಮಾತ್ರ ಈ ಕೆಲಸ ಆಗುತ್ತದೆ. ನಿಮ್ಮ ಬಸ್ಸಿನ ಟೈಮು ನೋಡಿಕೊಂಡು ಪ್ರಶ್ನೆ ಆರಿಸಿ. ನಾನು ಇದನ್ನು ಪೂರ್ತಿ ಮನಸಿಟ್ಟೇ ಹೇಳುತ್ತಿದ್ದೇನೆ.

ಈಗ ಕಾಗದಪತ್ರದ ವಿಷಯ. ನೊಣ ಬೇಕು ಅಂತ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪತ್ರ ಮಾಡಿಸಿದೆವು. ವಿಭಾಗದ ಮುಖ್ಯಸ್ಥರ ಸಹಿ, ಪ್ರಾಂಶುಪಾಲರ ಸಹಿ, ಸೀಲು. ಪತ್ರ ಬರೆಯಲು ಹತ್ತು ನಿಮಿಷ, ಸಹಿ ಆಗಲು ಹನ್ನೆರಡು ದಿನ. ಒಂದು ದಿನ ಸಹಿ ಹಾಕುವವರು ಇಲ್ಲ, ಇನ್ನೊಂದು ದಿನ ಸೀಲು ಇರುವ ಬೀರು ಬೀಗ. ದಿನಾ ಮಧ್ಯಾಹ್ನ ಹೋಗಿ ಆಫೀಸಿನ ಬಾಗಿಲಲ್ಲಿ ನಿಲ್ಲುವುದೇ ಕೆಲಸವಾಯಿತು. ಪತ್ರದಲ್ಲಿ ಯಾವ ತಳಿ, ಎಷ್ಟು ಬಾಟಲಿ, ಯಾವ ಕೆಲಸಕ್ಕೆ, ಯಾರ ಮಾರ್ಗದರ್ಶನ ಎಲ್ಲ ಬರೆಯಿರಿ. ಎರಡು ಪ್ರತಿ ತೆಗೆಸಿ, ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೊನೆಗೆ ವರದಿಗೂ ಅದು ಬೇಕಾಯಿತು.

ಫೆಬ್ರವರಿ ಮೂರನೇ ವಾರ ಮಾನಸಗಂಗೋತ್ರಿಗೆ ಹೋದೆವು. ಓರೆಗಾನ್-ಕೆ ಅನ್ನುವ ಮಾಮೂಲಿ ಕೆಂಪು ಕಣ್ಣಿನ ತಳಿ, ಎರಡು ಬಾಟಲಿ. ಬಸ್ಸಿನಲ್ಲಿ ಬಾಟಲಿಗಳನ್ನು ಊಟದ ಬ್ಯಾಗಿನಲ್ಲಿ ಇಟ್ಟು, ಬಿಸಿಲು ಬೀಳದ ಕಡೆ ಕೂತು, ಮಡಿಲಲ್ಲಿ ಹಿಡಿದುಕೊಂಡು ಬಂದೆ. ಪಕ್ಕದ ಅಜ್ಜಿ "ಏನವ್ವ ಅದು ಉಪ್ಪಿನಕಾಯಾ?" ಅಂದರು. ನೊಣ ಅಜ್ಜಿ ಅಂದೆ. ಬಗ್ಗಿ ನೋಡಿ, ಮನೇಲಿ ಇಲ್ವಾ ನೊಣ ಅಂತ ಕೇಳಿದರು. ಇಳಿಯುವ ತನಕ ಅವರಿಗೆ ವಿವರಿಸುತ್ತಾ ಬಂದೆ. ನಮ್ಮ ಪ್ರಾಜೆಕ್ಟ್ ಏನು ಅಂತ ನನಗೇ ಚೆನ್ನಾಗಿ ಅರ್ಥವಾದದ್ದು ಆವತ್ತು.

ನೊಣಗಳ ಊಟ ತಯಾರಿಸುವ ಕೆಲಸ ನನಗೆ ತುಂಬಾ ಇಷ್ಟವಾಯಿತು. ಒಂದು ಲೀಟರ್ ನೀರಿಗೆ ನೂರು ಗ್ರಾಂ ಬೆಲ್ಲ, ನೂರು ಗ್ರಾಂ ರವೆ, ಊಟ ಗಟ್ಟಿಯಾಗಲು ಎಂಟರಿಂದ ಹತ್ತು ಗ್ರಾಂ ಅಗರ್ ಪುಡಿ. ನೀರು ಕುದಿ ಬಂದ ಮೇಲೆ ಬೆಲ್ಲ, ಅಗರ್ ಹಾಕಿ ಕರಗಿಸಿ, ಆಮೇಲೆ ರವೆ ಉದುರಿಸುತ್ತಾ ಕೈಬಿಡದೆ ಕಲಕಬೇಕು. ಕೇಸರಿಬಾತಿನ ವಾಸನೆ ಇಡೀ ಕಾರಿಡಾರಿಗೆ ಬರುತ್ತದೆ. ಇಳಿಸಿ ಸ್ವಲ್ಪ ಆರಿದ ಮೇಲೆ ಏಳೂವರೆ ಮಿಲಿ ಪ್ರೊಪಿಯಾನಿಕ್ ಆಸಿಡ್. ಬೂಸ್ಟು ಬಾರದಿರಲಿ ಅಂತ ಅದು. ಮೂಗಿಗೆ ಹೊಡೆಯುವ ಹುಳಿ ವಾಸನೆ, ಕಿಟಕಿ ತೆಗೆದಿಟ್ಟು ಹಾಕಿ. ಬಿಸಿ ಇರುವಾಗಲೇ ಬಾಟಲಿಗೆ ಸುರಿದು, ತೆಳು ಬಟ್ಟೆ ಮುಚ್ಚಿ ಆರಿಸಿ, ಗೋಡೆ ಮೇಲಿನ ಬೆವರು ಒಣಗಿದ ಮೇಲೆ ಯೀಸ್ಟ್ ಹಾಕಿ ಹತ್ತಿ ಬಿರಡೆ ಇಡಬೇಕು. ಬೆವರು ಒಣಗುವ ಮೊದಲೇ ನೊಣ ಬಿಟ್ಟರೆ ರೆಕ್ಕೆ ಅಂಟಿಕೊಂಡು ಸಾಯುತ್ತವೆ. ಮೊದಲ ದಿನವೇ ನಲವತ್ತರಷ್ಟು ಹಾಗೆ ಹೋದವು. ನನ್ನ ಜೊತೆಗಾರ್ತಿ ಅತ್ತೇಬಿಟ್ಟಳು.

ರಾಗಿ ಹಿಟ್ಟು ಕುದಿಯುವ ನೀರಿಗೆ ಬಿದ್ದ ಕೂಡಲೆ ಗಂಟು ಕಟ್ಟಿತು. ಅಂಬಲಿ ಮಾಡುವ ಹಾಗೆ ಮೊದಲು ತಣ್ಣೀರಲ್ಲಿ ಕಲಸಿಕೊಂಡು ಹಾಕಿದ ಮೇಲೆ ಸರಿಹೋಯಿತು. ಆದರೂ ರವೆಯಷ್ಟು ಗಟ್ಟಿಯಾಗಲಿಲ್ಲ. ಅಗರ್ ಹನ್ನೆರಡು ಗ್ರಾಂ ಮಾಡಿದೆವು. ಆಗ ಮೇಡಂ ಕೇಳಿದರು, "ಹಾಗಾದ್ರೆ ರವೆಗೂ ಹನ್ನೆರಡೇ ಹಾಕ್ಬೇಕಲ್ವಾ? ಇಲ್ದಿದ್ರೆ ವ್ಯತ್ಯಾಸ ರಾಗಿಯದ್ದೋ ಅಗರ್‌ದ್ದೋ ಹೇಗೆ ಗೊತ್ತಾಗುತ್ತೆ?" ಕಂಟ್ರೋಲ್ ಅನ್ನುವ ಪದವನ್ನು ಎರಡು ಅಂಕದ ಪ್ರಶ್ನೆಗೆ ಎಷ್ಟೋ ಸಲ ಬರೆದಿದ್ದೆ. ಅದರ ಅರ್ಥ ನನಗೆ ಆ ಪಾತ್ರೆಯ ಮುಂದೆ ಆಯಿತು.

ಮಾರ್ಚ್ ಇಡೀ ಕಷ್ಟದ ತಿಂಗಳು. ಪ್ರೊಪಿಯಾನಿಕ್ ಆಸಿಡ್ ನಮ್ಮ ಲ್ಯಾಬಿನಲ್ಲಿ ಇದ್ದದ್ದು ಒಂದೇ ಒಂದು ಹಳೆಯ ಸೀಸೆಯ ತಳದಲ್ಲಿ. ಒಂದು ಸಲಕ್ಕೇ ಮುಗಿಯಿತು. ಹೊಸದು ತರಿಸಲು ಮೂರು ಅಂಗಡಿಯ ಕೊಟೇಶನ್ ಬೇಕು, ಅದು ಮೇಲಕ್ಕೆ ಹೋಗಬೇಕು, ಒಪ್ಪಿಗೆ ಬರಬೇಕು. ಬಂದದ್ದು ಮಾರ್ಚ್ 25ಕ್ಕೆ. ಅಲ್ಲಿಯ ತನಕ ಮಾಡಿದ ಊಟದ ಮೇಲೆ ಮೂರೇ ದಿನಕ್ಕೆ ಬಿಳಿ ಹತ್ತಿಯಂಥ ಬೂಸ್ಟು. ನಾಲ್ಕು ದಿನಕ್ಕೊಮ್ಮೆ ನೊಣಗಳನ್ನು ಹೊಸ ಬಾಟಲಿಗೆ ವರ್ಗ ಮಾಡಿಕೊಂಡು ತಳಿ ಉಳಿಸಿಕೊಂಡೆವು. ಒಂದು ಸೋಮವಾರ ಬಂದು ನೋಡಿದರೆ ಹತ್ತಿ ಬಿರಡೆಯ ಸಂದಿಯಿಂದ ಕೆಂಪಿರುವೆ ಸಾಲು. ಒಳಗೆ ಒಂದು ಜೀವ ಇಲ್ಲ. ಅಟೆಂಡರ್ ಅಣ್ಣ ಸುಮ್ನೆ ಹೋಗಿ ನಾಲ್ಕು ಪ್ಲಾಸ್ಟಿಕ್ ಬಟ್ಟಲು ತಂದು, ನೀರು ಹಾಕಿ, ಸ್ಟ್ಯಾಂಡಿನ ಕಾಲುಗಳನ್ನು ಅದರಲ್ಲಿ ಇಟ್ಟರು. ಆಮೇಲೆ ಒಂದು ಇರುವೆಯೂ ಹತ್ತಲಿಲ್ಲ. ನಮ್ಮನ್ನು ಉಳಿಸಿದ್ದು ಜೊತೆಗಾರ್ತಿ ಮನೆಯಲ್ಲಿ ಇಟ್ಟಿದ್ದ ಇನ್ನೊಂದು ಬಾಟಲಿ. ತಳಿಯನ್ನು ಯಾವತ್ತೂ ಎರಡು ಬೇರೆ ಜಾಗದಲ್ಲಿ ಇಡಿ. ಕೆಮಿಕಲ್ ಪಟ್ಟಿಯನ್ನು ಐದನೇ ಸೆಮಿಸ್ಟರ್ ಮುಗಿಯುವ ಮೊದಲೇ ವಿಭಾಗಕ್ಕೆ ಕೊಟ್ಟುಬಿಡಿ. ಪ್ರಶ್ನೆ ಗಟ್ಟಿಯಾಗಿರದಿದ್ದರೂ ಪರವಾಗಿಲ್ಲ, ಅಗರ್ ಮತ್ತು ಆಸಿಡ್ ಹೇಗಿದ್ದರೂ ಬೇಕು.

ಏಪ್ರಿಲ್ ಮೊದಲ ವಾರ ನಿಜವಾದ ಪ್ರಯೋಗ ಶುರು. ಮೊಟ್ಟೆ ಬಿಳಿ, ಅರ್ಧ ಮಿಲಿಮೀಟರ್ ಉದ್ದ. ಬಿಳಿ ಊಟದ ಮೇಲೆ ಕಾಣುವುದೇ ಇಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಿಂದ ಕಪ್ಪು ದ್ರಾಕ್ಷಿ ತಂದು, ರಸ ತೆಗೆದು, ಅಗರ್ ಜೊತೆ ಕುದಿಸಿ ತಟ್ಟೆಗೆ ಸುರಿದೆವು. ಅದರ ಮೇಲೆ ಯೀಸ್ಟ್ ಚುಕ್ಕೆ ಇಟ್ಟು ನೊಣಗಳನ್ನು ನಾಲ್ಕು ಗಂಟೆ ಬಿಟ್ಟೆವು. ತೆಗೆದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ನಾನು ಒಂದು ನಿಮಿಷ ಮಾತಾಡಲಿಲ್ಲ. ನೇರಳೆ ಬಣ್ಣದ ಮೇಲೆ ಅಕ್ಕಿ ಕಾಳು ಚೆಲ್ಲಿದ ಹಾಗೆ ಮೊಟ್ಟೆ. ಒಂದೊಂದಕ್ಕೂ ಮುಂದುಗಡೆ ಎರಡು ಸಣ್ಣ ಎಳೆ, ದೋಣಿಯ ಹುಟ್ಟಿನ ಹಾಗೆ. ಊಟದೊಳಗೆ ಮುಳುಗಿದರೂ ಉಸಿರಾಡಲಿ ಅಂತ ಆ ಎಳೆಗಳು. ಒದ್ದೆ ಬ್ರಷ್ಷಿನ ತುದಿಯಿಂದ ಒಂದೊಂದಾಗಿ ಎತ್ತಿ, ಐವತ್ತು ಎಣಿಸಿ, ಒಂದು ಗಾಜಿನ ಕೊಳವೆಗೆ. ಇಂಥ ಕೊಳವೆ ರವೆಯದ್ದು ಹತ್ತು, ರಾಗಿಯದ್ದು ಹತ್ತು. ಒಟ್ಟು ಸಾವಿರ ಮೊಟ್ಟೆ. ಇಬ್ಬರಿಗೂ ಎರಡು ದಿನ ಹಿಡಿಯಿತು, ಕತ್ತು ಹಿಡಿದುಕೊಂಡಿತು. ಯಾವ ದಿನ ಯಾವ ಕೊಳವೆ ತುಂಬಿಸಿದಿರಿ ಅಂತ ಅದರ ಮೇಲೇ ಬರೆಯಿರಿ. ಒಂದು ದಿನ ರವೆ, ಮಾರನೇ ದಿನ ರಾಗಿ ಅಂತ ಮಾಡಬೇಡಿ. ದಿನಕ್ಕೆ ಐದು ಅದು, ಐದು ಇದು ಮಾಡಿ.

ಆಮೇಲೆ ಕಾಯುವುದು. ಒಂದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿಹುಳು ಊಟದೊಳಗೆ ಸುರಂಗ ಕೊರೆಯುತ್ತಾ ಎರಡು ಸಲ ಪೊರೆ ಬಿಟ್ಟು ದಪ್ಪಗಾಗುತ್ತದೆ. ಐದನೇ ದಿನದ ಹೊತ್ತಿಗೆ ಗೋಡೆ ಹತ್ತಿ ಕಂದು ಗೂಡಾಗುತ್ತದೆ. ಗೂಡಿನೊಳಗೆ ಕಪ್ಪು ರೆಕ್ಕೆ ಮಡಚಿಕೊಂಡದ್ದು ಕಂಡರೆ ನಾಳೆ ನೊಣ ಹೊರಬರುತ್ತದೆ ಅಂತ ಲೆಕ್ಕ. ಆಗಷ್ಟೇ ಬಂದ ನೊಣ ಬಿಳಿಚಿಕೊಂಡಿರುತ್ತದೆ, ರೆಕ್ಕೆ ಒದ್ದೆ ಕಾಗದದ ಹಾಗೆ ಮುದುಡಿರುತ್ತದೆ. ಗಂಡಿನ ಹೊಟ್ಟೆಯ ತುದಿ ಮೊಂಡು, ಆಮೇಲೆ ಕಪ್ಪಾಗುತ್ತದೆ. ಮುಂಗಾಲಿನಲ್ಲಿ ಒಂದು ಪುಟ್ಟ ಬಾಚಣಿಗೆ ಇರುತ್ತದೆ. ಅದು ಕಂಡರೆ ಅನುಮಾನವೇ ಇಲ್ಲ, ಗಂಡು. ಎಣಿಸುವಾಗ ನೊಣ ಹಾರದಿರಲಿ ಅಂತ ಮಂಪರು ಬರಿಸಲು ಈಥರ್ ಕೊಡುತ್ತೇವೆ, ಆಗ ಹುಷಾರು. ರೆಕ್ಕೆಗಳು ಮೈಗೆ ಅಡ್ಡವಾಗಿ ಎದ್ದು ನಿಂತರೆ ಈಥರ್ ಜಾಸ್ತಿ ಆಯಿತು, ಅದು ಇನ್ನು ಏಳುವುದಿಲ್ಲ. ಈಥರ್ ಇರುವ ಕೋಣೆಯಲ್ಲಿ ಬೆಂಕಿ, ಸ್ಟವ್ ಯಾವುದೂ ಬೇಡ.

ರವೆಯ ಕೊಳವೆಗಳಲ್ಲಿ ಒಂಬತ್ತನೇ ದಿನ ಮೊದಲ ನೊಣ. ರಾಗಿಯಲ್ಲಿ ಹನ್ನೊಂದನೇ ದಿನ. ಹತ್ತಕ್ಕೆ ಹತ್ತೂ ಕೊಳವೆಯಲ್ಲಿ ಹಾಗೇ. ನಾವಿಬ್ಬರೂ ಕುಣಿದುಬಿಟ್ಟೆವು. ರಾಗಿ ತಿಂದರೆ ಬೆಳವಣಿಗೆ ಎರಡು ದಿನ ತಡ, ಇದೇ ನಮ್ಮ ಫಲಿತಾಂಶ! ಮೇಡಂ ಕೂಡ ಖುಷಿಪಟ್ಟರು. ವರದಿಯ ಮೊದಲ ಪುಟವನ್ನು ಆವತ್ತೇ ಬರೆದಿಟ್ಟೆ.

ಆ ಭಾನುವಾರ ಊರಿನಲ್ಲಿ ಅವ್ವನಿಗೆ ಹೇಳುತ್ತಾ ಕೂತಿದ್ದೆ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಅವ್ವ ಸೊಪ್ಪು ಕತ್ತರಿಸುತ್ತಾ ಎಲ್ಲ ಕೇಳಿಸಿಕೊಂಡಳು. ಆಮೇಲೆ "ಎರಡೂ ಒಂದೇ ಅಂತಸ್ತಿನಲ್ಲಿ ಇಟ್ಟಿದ್ಯಾ?" ಅಂದಳು. ಇಲ್ಲ, ರವೆಯದ್ದು ಮೇಲೆ, ರಾಗಿಯದ್ದು ಕೆಳಗೆ ಅಂದೆ. ಗೊಂದಲ ಆಗದಿರಲಿ ಅಂತ ಹಾಗೆ ಇಟ್ಟಿದ್ದೆವು. ಅವ್ವ ತಲೆ ಎತ್ತಲಿಲ್ಲ. "ಮೇಲ್ಗಡೆ ತಟ್ಟೆ ಹುಳ ಯಾವಾಗ್ಲೂ ಮೊದ್ಲು ಹಣ್ಣಾಗೋದು ಕಣವ್ವ. ಅಲ್ಲಿ ಸೆಕೆ. ಅದಕ್ಕೇ ಅಲ್ವಾ ದಿನಾ ತಟ್ಟೆ ಅದಲು ಬದಲು ಮಾಡೋದು?"

ನನಗೆ ಎದೆ ಧಸಕ್ ಅಂದಿತು. ಚಿಕ್ಕಂದಿನಿಂದ ಆ ತಟ್ಟೆಗಳನ್ನು ನಾನೇ ಬದಲಾಯಿಸಿದ್ದೇನೆ. ಲ್ಯಾಬಿನಲ್ಲಿ ಮಾತ್ರ ಅದು ನೆನಪಿಗೇ ಬರಲಿಲ್ಲ. ಮಾರನೇ ದಿನ ರಸಾಯನಶಾಸ್ತ್ರದವರ ಹತ್ತಿರ ಎರಡು ಥರ್ಮಾಮೀಟರ್ ಕೇಳಿ ತಂದು ಇಟ್ಟೆ. ಮೇಲೆ 29 ಡಿಗ್ರಿ, ಕೆಳಗೆ ನೆಲದ ಹತ್ತಿರ 25. ಈ ನೊಣಕ್ಕೆ ಸೆಕೆ ಹೆಚ್ಚಾದಷ್ಟೂ ಬೆಳವಣಿಗೆ ಬೇಗ. 25 ಡಿಗ್ರಿಯಲ್ಲಿ ಸುಮಾರು ಹತ್ತು ದಿನಕ್ಕೆ ಮುಗಿಯುವುದು 18 ಡಿಗ್ರಿಯಲ್ಲಿ ಅದರ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ನಮ್ಮ ಎರಡು ದಿನ ರಾಗಿಯದ್ದೋ, ಸ್ಟ್ಯಾಂಡಿನದ್ದೋ ಹೇಳುವ ಹಾಗೇ ಇರಲಿಲ್ಲ. ಮೇಡಂ ಮುಂದೆ ಹೇಳುವಾಗ ಗಂಟಲು ಕಟ್ಟಿತು. ಅವರು ಬೈಯಲಿಲ್ಲ. "ನನಗೂ ಹೊಳೀಲಿಲ್ಲ ನೋಡು. ಇನ್ನೊಂದು ಸಲ ಮಾಡೋಣ, ಟೈಮ್ ಇದೆ" ಅಂದರು.

ಟೈಮ್ ಕಡಿಮೆಯೇ ಇತ್ತು. ಮಧ್ಯೆ ಇಂಟರ್ನಲ್ಸ್. ಏಪ್ರಿಲ್ ಕೊನೆಯ ಸೆಕೆ ಬೇರೆ. 30 ಡಿಗ್ರಿ ದಾಟಿದರೆ ಗಂಡು ನೊಣಗಳು ಬಂಜೆಯಾಗುತ್ತವೆ, ತಳಿಯೇ ನಿಂತುಹೋಗುವ ಭಯ. ಒಳಗಿನ ಸೆಕೆ ಒಂದೇ ಮಟ್ಟದಲ್ಲಿ ಇಡುವ ಪೆಟ್ಟಿಗೆ, ಇನ್‌ಕ್ಯುಬೇಟರ್, ನಮ್ಮಲ್ಲಿ ಇಲ್ಲ. ಸ್ಟ್ಯಾಂಡನ್ನು ಉತ್ತರದ ಗೋಡೆಗೆ ಸರಿಸಿ, ಸುತ್ತ ಒದ್ದೆ ಗೋಣಿಚೀಲ ಕಟ್ಟಿದೆವು. ದಿನಕ್ಕೆ ಮೂರು ಸಲ ನೀರು ಚಿಮುಕಿಸುವುದು. ಭಾನುವಾರ ಅಟೆಂಡರ್ ಅಣ್ಣನೇ ಬಂದು ಚಿಮುಕಿಸಿ ಹೋಗುತ್ತಿದ್ದರು. ಒಳಗೆ 25ರಿಂದ 26ರಲ್ಲಿ ನಿಂತಿತು. ಮತ್ತೆ ಸಾವಿರ ಮೊಟ್ಟೆ ಎಣಿಸಿದೆವು. ಈ ಸಲ ಒಂದು ರವೆ, ಪಕ್ಕದಲ್ಲಿ ಒಂದು ರಾಗಿ. ದಿನಾ ಬೆಳಿಗ್ಗೆ ಜಾಗ ಬದಲು. ಕೊಳವೆ ಮೇಲೆ ರವೆ, ರಾಗಿ ಅಂತ ಬರೆಯದೆ ನಂಬರ್ ಮಾತ್ರ ಬರೆದು, ಎಣಿಸುವ ಹೊತ್ತಿಗೆ ಆದಷ್ಟು ಮನಸ್ಸು ಒಂದು ಕಡೆ ವಾಲದಂತೆ ನೋಡಿಕೊಂಡೆವು. ಊಟದ ಬಣ್ಣ ಕಾಣುತ್ತದೆ, ನಿಜ. ಅದಕ್ಕೆ ಕೊಳವೆಯ ಬುಡಕ್ಕೆ ಕಾಗದ ಸುತ್ತಿದೆವು.

ಎರಡು ದಿನದ ಅಂತರ ಅರ್ಧ ದಿನಕ್ಕೂ ಕಡಿಮೆ ಆಯಿತು. ರವೆಯ ಐನೂರು ಮೊಟ್ಟೆಯಲ್ಲಿ 391 ನೊಣ ಹೊರಬಂದವು, ರಾಗಿಯ ಐನೂರರಲ್ಲಿ 374. ಈ ವ್ಯತ್ಯಾಸ ಬರೀ ಆಕಸ್ಮಿಕವಾ ಅಂತ ನೋಡುವ ಕೈ-ಸ್ಕ್ವೇರ್ ಲೆಕ್ಕ ಹಾಕಿದರೆ 1.6 ಬಂತು. ವ್ಯತ್ಯಾಸ ಇದೆ ಅನ್ನಲು 3.84 ದಾಟಬೇಕು. ಅಂದರೆ ನಮ್ಮ ಪ್ರಯೋಗದ ಮಟ್ಟಿಗೆ ರಾಗಿಯಲ್ಲೂ ನೊಣ ರವೆಯಷ್ಟೇ ಚೆನ್ನಾಗಿ ಬೆಳೆಯಿತು. ಮೊದಲು ಬೇಜಾರಾಯಿತು. ಒಂದೆರಡು ದಿನ ಕಳೆದ ಮೇಲೆ ಆ ಸಂಖ್ಯೆಗಳ ಮೇಲೆ ಒಂಥರಾ ಪ್ರೀತಿ ಬಂತು. ಒಂದೊಂದನ್ನೂ ನಾವೇ ಎತ್ತಿದ್ದೆವು, ನಾವೇ ಎಣಿಸಿದ್ದೆವು.

ಖರ್ಚಿನ ಲೆಕ್ಕ ಕೇಳುವವರಿಗೆ: ಆಸಿಡ್, ಈಥರ್, ಗಾಜಿನ ಸಾಮಾನು ಕಾಲೇಜಿನದ್ದು. ನಮ್ಮ ಕೈಯಿಂದ ಅಗರ್‌ಗೆ 950 ರೂಪಾಯಿ, ಹತ್ತಿಗೆ 120, ಬ್ರಷ್ಷಿಗೆ 60, ದ್ರಾಕ್ಷಿಗೆ 80, ರವೆ, ಬೆಲ್ಲ, ಯೀಸ್ಟ್ ಎಲ್ಲ ಸೇರಿ 400. ಮೂರು ಪ್ರತಿ ಪ್ರಿಂಟು, ಬೈಂಡಿಂಗಿಗೆ 690. ಇಬ್ಬರಿಗೆ ಒಟ್ಟು 2,300. ರಾಗಿ ಮನೆಯದ್ದು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಇರುವುದರಿಂದ ಮೈಸೂರಿನ ಓಡಾಟಕ್ಕೆ ಏನೂ ಆಗಲಿಲ್ಲ. ಇಲ್ಲದಿದ್ದರೆ ಅದೇ ದೊಡ್ಡ ಖರ್ಚಾಗುತ್ತಿತ್ತು.

ವರದಿ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ನಾನು ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ದಿನದ ನೋಟ್ಸನ್ನೆಲ್ಲ ಕನ್ನಡದಲ್ಲೇ ಬರೆದಿದ್ದೆ. ಅದರಿಂದ ಒಳ್ಳೆಯದೇ ಆಯಿತು. ಕಂಡದ್ದನ್ನು ಕಂಡ ಹಾಗೆ ಬರೆಯಲು ಸಾಧ್ಯವಾಯಿತು, ಇಂಗ್ಲಿಷ್ ಪದ ಸಿಗಲಿಲ್ಲ ಅಂತ ಯಾವುದನ್ನೂ ಬಿಡಲಿಲ್ಲ. ಸಂಶೋಧನಾ ಲೇಖನ ಓದಲು ನಿಮ್ಮ ಕಾಲೇಜಿಗೆ ಎನ್-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನ್ ಓದುವ ಸಾಮಗ್ರಿ ಕೊಡುವ ಸೌಲಭ್ಯ) ಇದೆಯಾ ಅಂತ ಲೈಬ್ರರಿಯಲ್ಲಿ ಕೇಳಿ. ಇದ್ದರೆ ಲಾಗಿನ್ ಮಾಡಿಕೊಡುತ್ತಾರೆ. ನಮಗೆ ಅದು ಮೇ ತಿಂಗಳಲ್ಲಿ ಗೊತ್ತಾಯಿತು.

ಮೊದಲ ಸುತ್ತಿನ ಅಂಕಿಗಳನ್ನು ವರದಿಯಿಂದ ತೆಗೆದುಬಿಡೋಣ ಅಂತ ನಾನು ಅಂದಿದ್ದೆ. ಮೇಡಂ ಬಿಡಲಿಲ್ಲ. ಎರಡೂ ಸುತ್ತು, ಎರಡು ಥರ್ಮಾಮೀಟರಿನ ಓದು ಎಲ್ಲ ಹಾಕಿಸಿದರು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಬೇರೆ ಪುಟಗಳನ್ನು ಬೇಗ ಬೇಗ ತಿರುಗಿಸಿ ಆ ಪುಟದಲ್ಲೇ ನಿಂತರು. "ಅಂತಸ್ತಿನ ವಿಷಯ ಹೇಗೆ ಹೊಳೀತು?" ಅಂದರು. ನಮ್ಮ ಅವ್ವ ಹೇಳಿದ್ದು ಸರ್ ಅಂದೆ. ಅವರು ಪೆನ್ನು ಕೆಳಗಿಟ್ಟು, ಹುಳದ ಮನೆಯ ಬಗ್ಗೆ ಇಪ್ಪತ್ತು ನಿಮಿಷ ಕೇಳಿದರು. ಎಷ್ಟು ಅಂತಸ್ತು, ಎಷ್ಟು ಹೊತ್ತಿಗೆ ತಟ್ಟೆ ಬದಲು, ಬೇಸಿಗೆಯಲ್ಲಿ ಏನು ಮಾಡುತ್ತೀರಿ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಕನ್ನಡದಲ್ಲೇ ಹೇಳಿದೆ.

ಮುಂದೆ ಇದೇ ದಾರಿಯಲ್ಲಿ ಹೋಗಬೇಕು ಅನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ನೋಡಿ. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡಬಹುದು. ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕು, ಒಬ್ಬ ಅಧ್ಯಾಪಕರ ಶಿಫಾರಸು ಪತ್ರ ಬೇಕು. ನಾನು ವಿಚಾರಿಸುವ ಹೊತ್ತಿಗೆ ಅದು ಮುಗಿದಿತ್ತು.

ಉಳಿದ ನೊಣಗಳನ್ನು ಎರಡನೇ ವರ್ಷದ ಇಬ್ಬರು ಹುಡುಗಿಯರಿಗೆ ಕೊಟ್ಟೆವು. ನಾಲ್ಕು ಬಾಟಲಿ, ಅರ್ಧ ಸೀಸೆ ಆಸಿಡ್, ಮಿಕ್ಕ ಅಗರ್, ಕನ್ನಡದಲ್ಲಿ ಬರೆದ ನನ್ನ ನೋಟ್‌ಬುಕ್. ಎರಡು ಬಾಟಲಿ ಲ್ಯಾಬಿನಲ್ಲಿ, ಎರಡು ಒಬ್ಬಳ ಮನೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಹೊಸ ಊಟಕ್ಕೆ ವರ್ಗ ಮಾಡಬೇಕು. ಮುಂದಿನದು ಈ ಬುಧವಾರ, ನೊಣದ ಊಟ ತಯಾರಿಸುವುದನ್ನು ತೋರಿಸಿಕೊಡಲು ನಾನು ಬರ್ತೀನಿ ಅಂತ ಹೇಳಿದ್ದೇನೆ.